ವಾಲಿಬಾಲ್ ಹುಡುಗರಿಗೆ ಒಂದು ಸೂರು ಕೊಡಿ: ಕ್ರೀಡಾ ಸಚಿವರಿಗೆ ಕೊಪ್ಪಳದಿಂದ ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,
ಹಾಗೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ,

ಕೊಪ್ಪಳದಿಂದ ನಮಸ್ಕಾರಗಳು.

ಭಾರತದ ಪುರುಷರ ವಾಲಿಬಾಲ್ ತಂಡದ ಬಗ್ಗೆ ಬರೆಯುತ್ತಿದ್ದೇನೆ. ರಾಷ್ಟ್ರೀಯ ತಂಡಕ್ಕೂ ಕೊಪ್ಪಳಕ್ಕೂ ಏನು ಸಂಬಂಧ ಅಂತ ತಮಗೆ ಅನ್ನಿಸಬಹುದು. ಸಂಬಂಧ ಇದೆ. ಆ ತಂಡ ಎಲ್ಲಿ ಗೆಲ್ಲುತ್ತದೆ, ಎಲ್ಲಿಗೆ ಬಂದು ನಿಂತುಬಿಡುತ್ತದೆ ಎಂದು ಹಿಂದಿನಿಂದ ನೋಡುತ್ತ ಬಂದವನಿಗೆ ಅದರ ಕಾರಣ ನಮ್ಮ ಊರುಗಳ ಅಂಕಣದಲ್ಲೇ ಕಾಣುತ್ತದೆ. ಅದನ್ನು ಸರಿಮಾಡುವ ಕೆಲಸದಲ್ಲಿ ಒಂದು ಪಾಲು ತಮ್ಮ ಕೈಯಲ್ಲಿದೆ.

ನಾನು ಈ ಜಿಲ್ಲೆಯ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಊರವರ ಬಾಯಲ್ಲಿ ಪಿಟಿ ಮಾಸ್ತರ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆ, ಆಚೆ ಸಿಂಧನೂರು, ಲಿಂಗಸುಗೂರಿನ ತನಕ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಈಗಲೂ ಅಂಪೈರ್ ಆಗಿ ಹೋಗುತ್ತೇನೆ. ಜಾತ್ರೆ ಇರಲಿ, ಗಣೇಶನ ಹಬ್ಬ ಇರಲಿ, ನಮ್ಮ ಕಡೆ ಎರಡು ಕಂಬ ನೆಟ್ಟು ನೆಟ್ ಕಟ್ಟಿದರೆ ಸಾಕು, ನಡುರಾತ್ರಿ ಆದರೂ ಜನ ಎದ್ದು ಹೋಗುವುದಿಲ್ಲ. ಈ ಆಟದ ಮೇಲೆ ಇಷ್ಟು ಪ್ರೀತಿ ಇರುವ ನೆಲದಿಂದ ಬರೆಯುತ್ತಿದ್ದೇನೆ ಅನ್ನುವುದು ತಮಗೆ ಗೊತ್ತಿರಲಿ.

ಮೊದಲು ತಂಡದ ವಿಷಯ. ವಾಲಿಬಾಲ್ ಏಷ್ಯನ್ ಗೇಮ್ಸ್‌ಗೆ ಬಂದದ್ದು 1958ರಲ್ಲಿ, ಟೋಕಿಯೊದಲ್ಲಿ. ಆ ಸಲವೇ ನಮ್ಮವರು ಕಂಚು ಗೆದ್ದರು. 1962ರಲ್ಲಿ ಜಕಾರ್ತದಲ್ಲಿ ಬೆಳ್ಳಿ. ಆಮೇಲೆ 1986ರಲ್ಲಿ ಸಿಯೋಲ್‌ನಲ್ಲಿ ಮತ್ತೆ ಕಂಚು, ಅದೂ ಜಪಾನ್ ತಂಡವನ್ನು ಸೋಲಿಸಿ. ಆ ತಂಡದಲ್ಲಿ ಜಿಮ್ಮಿ ಜಾರ್ಜ್ ಇದ್ದರು. ಕಣ್ಣೂರು ಜಿಲ್ಲೆಯ ಪೇರಾವೂರಿನಂಥ ಊರಿನಿಂದ ಹೊರಟು ಇಟಲಿಯ ಕ್ಲಬ್‌ಗಳಲ್ಲಿ ಆಡಿದ ಆಟಗಾರ. 1987ರಲ್ಲಿ ಇಟಲಿಯಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ವರ್ಷ. ನಮ್ಮ ತಲೆಮಾರಿನ ಪಿಟಿ ಮಾಸ್ತರುಗಳು ಮಕ್ಕಳಿಗೆ ಸ್ಮ್ಯಾಶ್ ಕಲಿಸುವಾಗ ಹೇಳುತ್ತಿದ್ದದ್ದು ಅವರ ಹೆಸರನ್ನೇ.

ಆ ಕಂಚಿನ ನಂತರ 2023ರ ಹಾಂಗ್‌ಝೌ ಕೂಟದವರೆಗೂ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ತಂಡಕ್ಕೆ ಒಂದೂ ಪದಕ ಬರಲಿಲ್ಲ. ಒಲಿಂಪಿಕ್ಸ್‌ನಲ್ಲಿ 1964ರಿಂದ ವಾಲಿಬಾಲ್ ಇದೆ, ನಾವು ಒಮ್ಮೆಯೂ ಆಡಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಿದ್ದು 1952 ಮತ್ತು 1956ರಲ್ಲಿ. 2025ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ 32 ತಂಡಗಳನ್ನು ಕರೆದಿದ್ದರು. ಅಷ್ಟು ದೊಡ್ಡ ಪಟ್ಟಿಯಲ್ಲೂ ಭಾರತ ಇರಲಿಲ್ಲ.

ಹಾಗಂತ ನಮ್ಮ ಹುಡುಗರಿಗೆ ಕೈಲಾಗದು ಅಂದುಕೊಳ್ಳಬೇಡಿ. ಹಾಂಗ್‌ಝೌನಲ್ಲಿ ಏನಾಯಿತು ನೋಡಿ. 2023ರ ಸೆಪ್ಟೆಂಬರ್ 20. ನಮ್ಮೂರಲ್ಲಿ ಗಣಪತಿ ಕೂತ ಹೊತ್ತು. ಆಗ ಭಾರತ ವಿಶ್ವ ರ‍್ಯಾಂಕಿಂಗ್‌ನಲ್ಲಿ 73ನೇ ಸ್ಥಾನದಲ್ಲಿತ್ತು, ಎದುರಿಗಿದ್ದ ದಕ್ಷಿಣ ಕೊರಿಯಾ 27ನೇ ಸ್ಥಾನದಲ್ಲಿ. ಹಿಂದಿನ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ ಅದು. ಮೊದಲ ಸೆಟ್ 25-27ರಲ್ಲಿ ಹೋಯಿತು. ಎರಡನೆಯದು 29-27ರಲ್ಲಿ ನಮ್ಮದು. ಮೂರನೆಯದೂ ನಮ್ಮದೇ, ನಾಲ್ಕನೆಯದು ಅವರದು. ಕೊನೆಯ ಸೆಟ್ 15ಕ್ಕೆ ಮುಗಿಯಲಿಲ್ಲ. 17-15ರಲ್ಲಿ ಭಾರತ ಗೆದ್ದಿತು. ಎರಡೂವರೆ ಗಂಟೆಗೂ ಜಾಸ್ತಿ ನಡೆದ ಪಂದ್ಯ. ಪೆಂಡಾಲಿನಲ್ಲಿ ಕೂತ ಹುಡುಗರ ಮೊಬೈಲ್‌ಗೆ ಸೆಟ್ ಸೆಟ್ ಸ್ಕೋರ್ ಬರುತ್ತಿತ್ತು. ಗೆದ್ದರು ಅಂದಾಗ ಡೊಳ್ಳಿನವರು ಆರತಿ ಹೊತ್ತಿಗೂ ಕಾಯಲಿಲ್ಲ. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ನಮ್ಮೂರಲ್ಲಿ ಹಾಗೆ ಸದ್ದಾಗಿದ್ದು ನಾನು ನೋಡಿರಲಿಲ್ಲ. ಆ ತಂಡದಲ್ಲಿ ನಮ್ಮ ರಾಜ್ಯದ ಅಶ್ವಲ್ ರೈ ಇದ್ದರು ಅನ್ನುವುದು ಇನ್ನೂ ಖುಷಿ.

ಮುಂದಿನ ಪಂದ್ಯದಲ್ಲಿ ಚೈನೀಸ್ ತೈಪೆ ವಿರುದ್ಧ 3-0. ಕ್ವಾರ್ಟರ್ ಫೈನಲ್‌ನಲ್ಲಿ ಜಪಾನ್ ಎದುರಾಯಿತು. 0-3. ಐದನೇ ಸ್ಥಾನಕ್ಕೆ ಪಾಕಿಸ್ತಾನದ ವಿರುದ್ಧ ಆಡಿದಾಗಲೂ 0-3. ಕೊನೆಗೆ ಆರನೇ ಸ್ಥಾನ.

ಜಪಾನ್ ವಿರುದ್ಧದ ಆ ಸೋಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವತ್ತು ನಮ್ಮ ಎದುರು ಆಡಿದ್ದು ಜಪಾನ್‌ನ ಮುಖ್ಯ ತಂಡ ಅಲ್ಲ. ಆ ತಂಡ ಟೋಕಿಯೊದಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಗಳಿಗೆ ಸಿದ್ಧವಾಗುತ್ತಿತ್ತು. ಅವರ ಎರಡನೇ ಸಾಲಿನವರೇ ನಮ್ಮನ್ನು ಸುಲಭವಾಗಿ ಸೋಲಿಸಿದರು. ಜಪಾನಿಗಳೇನು ನಮಗಿಂತ ಎತ್ತರದವರಲ್ಲ. ಅವರ ಮುಖ್ಯ ತಂಡದ ನಿಶಿದಾ ಅನ್ನುವ ಅಟ್ಯಾಕರ್, ಅಂದರೆ ಸ್ಮ್ಯಾಶ್ ಹೊಡೆಯುವವ, ಆರಡಿ ಎರಡಂಗುಲ ಕೂಡ ದಾಟುವುದಿಲ್ಲ. ಅಂಥ ಎತ್ತರದ ಹುಡುಗರು ನಮ್ಮ ಸಿಂಧನೂರು ಕಡೆಯ ತಂಡಗಳಲ್ಲೂ ಸಿಗುತ್ತಾರೆ. ಆದರೂ ಜಪಾನ್ 2023ರ ವಾಲಿಬಾಲ್ ನೇಷನ್ಸ್ ಲೀಗ್‌ನಲ್ಲಿ ಕಂಚು, 2024ರಲ್ಲಿ ಬೆಳ್ಳಿ ಗೆದ್ದಿತು. ಹೇಗೆ? ಅವರು ಚೆಂಡನ್ನು ನೆಲಕ್ಕೆ ಬೀಳಲು ಬಿಡುವುದಿಲ್ಲ. ಸರ್ವಿಸ್ ತೆಗೆದುಕೊಳ್ಳುವುದರಲ್ಲಿ, ಬಿದ್ದು ಉರುಳಿ ಚೆಂಡು ಎತ್ತುವುದರಲ್ಲಿ ಅವರನ್ನು ಮೀರಿಸುವವರು ಕಡಿಮೆ. ನಮ್ಮವರ ಸ್ಮ್ಯಾಶ್‌ಗೆ ಏಷ್ಯಾದಲ್ಲಿ ಮರ್ಯಾದೆ ಇದೆ. ಸೋಲುವುದು ನೆಲದ ಹತ್ತಿರದ ಆಟದಲ್ಲಿ.

ಇನ್ನು ಈ ಪತ್ರಕ್ಕೆ ಕಾರಣವಾದ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ಅಂಕಣ ಹೇಗೆ ಮಾಡುತ್ತಾರೆ ಅನ್ನುವುದನ್ನು ತಾವು ಒಮ್ಮೆ ನಿಂತು ನೋಡಬೇಕು. ಎರೆ ಭೂಮಿಯಲ್ಲಿ ಸುಮ್ನೆ ಗೆರೆ ಎಳೆದು ಆಡಲು ಆಗುವುದಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಯಲ್ಲಿ ಕಾಲಿಗೆ ಮೆತ್ತುವ ಕೆಸರು. ಅದಕ್ಕೆ ಟ್ರ್ಯಾಕ್ಟರ್‌ನಲ್ಲಿ ಗರಸು, ಅಂದರೆ ಹರಳು ಬೆರೆತ ಮಣ್ಣು, ತಂದು ಸುರಿಯುತ್ತಾರೆ. ನೀರು ಹೊಡೆದು ರೋಲರ್ ಎಳೆಯುತ್ತಾರೆ. ಒಣಗಿದ ಮೇಲೆ ಸುಣ್ಣದ ಗೆರೆ. ನೋಡಲು ಚೆಂದ, ಎರಡು ಪಂದ್ಯ ಆಗುವಷ್ಟರಲ್ಲಿ ಮೇಲಿನ ಮಣ್ಣು ಎದ್ದು ಹರಳು ಹೊರಗೆ ಬರುತ್ತವೆ. ಹೊಸ ಚೆಂಡು ಒಂದು ಪಂದ್ಯಾವಳಿ ಮುಗಿಯುವಷ್ಟರಲ್ಲಿ ಉಜ್ಜಿ ಸಿಪ್ಪೆ ಏಳುತ್ತದೆ. ಚೆಂಡಿನ ಗತಿ ಹೀಗಾದರೆ ಹುಡುಗರ ಮೈ ಏನಾಗಬೇಕು?

ಒಬ್ಬ ಹುಡುಗನಿಗೆ ನಾನು ಡೈವ್ ಹೊಡೆಯುವುದನ್ನು ಕಲಿಸಲು ಹೋದೆ. ಬೆಂಗಳೂರಿನ ಶಿಬಿರವೊಂದರಲ್ಲಿ ಕಲಿಸಿಕೊಟ್ಟ ಹಾಗೆ ಎದೆ ಮೇಲೆ ಜಾರಿ ಚೆಂಡಿನ ಕೆಳಗೆ ಅಂಗೈ ತೂರಿಸುವ ಪಾಠ. ಅವನು ಮುಖ ಸಣ್ಣಗೆ ಮಾಡಿ, "ಇಲ್ಲಿ ಬಿದ್ರ ಚರ್ಮ ಉಳಿಯಂಗಿಲ್ರಿ ಸರ" ಅಂದ. ನಿಜ. ಅವನ ಮೊಣಕೈ ನೋಡಿದೆ. ಹಳೇ ಗಾಯದ ಮೇಲೆ ಹೊಸ ಗಾಯ. ಆಮೇಲೆ ನಾನು ಯಾವ ಹುಡುಗನಿಗೂ ಬೀಳು ಅಂತ ಹೇಳಲಿಲ್ಲ.

ಹೀಗಾಗಿ ನಮ್ಮ ಹುಡುಗರು ನಿಂತುಕೊಂಡೇ ಆಡುವುದನ್ನು ಕಲಿಯುತ್ತಾರೆ. ಕೈಗೆ ಸಿಕ್ಕ ಚೆಂಡು ಎತ್ತುತ್ತಾರೆ, ಸಿಗದ್ದು ಎದುರಿನವರ ಪಾಯಿಂಟ್. ಲಿಬೆರೊ ಅನ್ನುವ ಜಾಗ ಈ ಆಟಕ್ಕೆ ಬಂದದ್ದು 1998ರಲ್ಲಿ. ಹಿಂದೆ ನಿಂತು ಚೆಂಡು ಎತ್ತುವುದೇ ಅವನ ಕೆಲಸ, ನೆಟ್ ಮೇಲೆ ಹೊಡೆಯುವ ಹಾಗಿಲ್ಲ. ಎತ್ತರ ಇಲ್ಲದ ಚುರುಕು ಹುಡುಗನಿಗೆ ರಾಷ್ಟ್ರೀಯ ತಂಡದ ಬಾಗಿಲು ಇದ್ದರೆ ಅದು ಇದೊಂದೇ. ಗರಸಿನ ಮೇಲೆ ಲಿಬೆರೊ ತಯಾರಾಗುವುದು ಹೇಗೆ, ಹೇಳಿ.

ಸರ್ವಿಸ್‌ದೂ ಇದೇ ಕತೆ. ಬಯಲಲ್ಲಿ ಗಾಳಿ. ರಾಯಚೂರು ಕಡೆ ಸಂಜೆ ಗಾಳಿ ಎದ್ದರೆ ಎತ್ತಿದ ಚೆಂಡು ಎಲ್ಲಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಅದಕ್ಕೆ ಯಾರೂ ನೆಗೆದು ಜೋರಾಗಿ ಹೊಡೆಯುವ ಜಂಪ್ ಸರ್ವಿಸ್ ಹೊಡೆಯುವುದಿಲ್ಲ, ಸುರಕ್ಷಿತವಾಗಿ ಆಚೆ ದಾಟಿಸುತ್ತಾರೆ. ಹೊಡೆಯುವವರಿಲ್ಲ ಅಂದ ಮೇಲೆ ತೆಗೆದುಕೊಳ್ಳುವ ಅಭ್ಯಾಸವೂ ಇಲ್ಲ. ಅಂತರರಾಷ್ಟ್ರೀಯ ಪಂದ್ಯದಲ್ಲಿ ಗಂಟೆಗೆ ನೂರು ಕಿಲೋಮೀಟರ್ ದಾಟಿ ಬರುವ ಸರ್ವಿಸ್ ಎದುರಿಗೆ ಮೊದಲ ಸಲ ನಿಂತಾಗ ಇಪ್ಪತ್ತೆರಡು ವರ್ಷದ ಹುಡುಗ ಏನು ಮಾಡಿಯಾನು? ಮೊದಲ ಪಾಸ್ ಕೆಟ್ಟರೆ ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಓಡಬೇಕು. ಸೆಟ್ಟರ್ ಓಡಿದರೆ ಅಟ್ಯಾಕರ್‌ಗೆ ಎತ್ತರದ ಚೆಂಡು ಬಿಟ್ಟರೆ ಗತಿ ಇಲ್ಲ. ಎದುರಿಗೆ ಮೂವರು ಬ್ಲಾಕ್‌ಗೆ ನಿಂತಿರುತ್ತಾರೆ.

ಮೊಣಕಾಲಿನ ವಿಷಯ ಬೇರೆ. ಈ ಆಟದಲ್ಲಿ ಒಂದು ಪಂದ್ಯಕ್ಕೆ ಎಷ್ಟು ಸಲ ನೆಗೆದು ನೆಲಕ್ಕೆ ಬರಬೇಕು ಅಂತ ಆಡಿದವರಿಗೆ ಗೊತ್ತು. ನಮ್ಮ ಕಡೆ ಕೆಲವು ಶಾಲೆಗಳಲ್ಲಿ ನರೇಗಾ ಹಣದಲ್ಲಿ ಅಂಕಣ ಆಗಿವೆ, ಅದಕ್ಕೆ ಪಂಚಾಯಿತಿಯವರನ್ನು ಮೆಚ್ಚಲೇಬೇಕು. ಆದರೆ ಕೆಲವು ಕಡೆ ಬಾಳಿಕೆ ಬರಲಿ ಅಂತ ಕಾಂಕ್ರೀಟ್ ಹಾಕಿಬಿಟ್ಟಿದ್ದಾರೆ. ಅದರ ಮೇಲೆ ದಿನಾ ನೆಗೆದ ಹುಡುಗನಿಗೆ ಇಪ್ಪತ್ತು ದಾಟುವಷ್ಟರಲ್ಲಿ ಮೊಣಕಾಲು ನೋವು ಶುರು. ವಿಶ್ವ ಮಟ್ಟದ ಅಧಿಕೃತ ಪಂದ್ಯಗಳಿಗೆ ಮರದ ನೆಲ ಇಲ್ಲವೇ ಸಿಂಥೆಟಿಕ್ ನೆಲ ಮಾತ್ರ ಇರಬೇಕು ಅಂತ ನಿಯಮ ಮಾಡಿರುವುದು ಚೆಂದ ಕಾಣಲಿ ಅಂತ ಅಲ್ಲ.

ಈಗ ಕಿರಿಯರ ತಂಡಗಳನ್ನು ನೋಡಿ. 2003ರಲ್ಲಿ ಥಾಯ್ಲೆಂಡ್‌ನಲ್ಲಿ ನಡೆದ ಯುವಕರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಫೈನಲ್ ತನಕ ಹೋಗಿ, ಬ್ರೆಜಿಲ್‌ಗೆ ಸೋತು ಬೆಳ್ಳಿ ತಂದಿತು. ವಿಶ್ವ ಮಟ್ಟದ್ದು, ನೆನಪಿರಲಿ. 2009ರಲ್ಲಿ ಪುಣೆಯಲ್ಲಿ ನಡೆದ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೇ ಸ್ಥಾನ. 2022ರಲ್ಲಿ ಏಷ್ಯಾದ 20 ವರ್ಷದೊಳಗಿನವರ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ, ಅದೇ ವರ್ಷ 18 ವರ್ಷದೊಳಗಿನವರಿಗೆ ಕಂಚು. 2025ರಲ್ಲಿ 16 ವರ್ಷದೊಳಗಿನ ಹುಡುಗರು ಏಷ್ಯಾದಲ್ಲಿ ಕಂಚು ಗೆದ್ದರು, ಜಪಾನ್ ಹುಡುಗರನ್ನೇ ಸೋಲಿಸಿ.

ಅಂದರೆ ಹದಿನಾರು, ಹದಿನೆಂಟರಲ್ಲಿ ನಮ್ಮವರು ಜಪಾನ್, ಕೊರಿಯಾ, ಇರಾನ್ ಜೊತೆ ಸಮಸಮ ನಿಲ್ಲುತ್ತಾರೆ. ಇಪ್ಪತ್ತೈದಕ್ಕೆ ಬರುವಷ್ಟರಲ್ಲಿ ಅವರು ಎಲ್ಲೋ, ನಾವು ಎಲ್ಲೋ. ಏನು ನಡೆಯುತ್ತದೆ ನಡುವೆ? ಅವರ ಹುಡುಗ ಕಾಲೇಜು ತಂಡಕ್ಕೋ ಕ್ಲಬ್‌ಗೋ ಸೇರಿ ಒಳ್ಳೆ ನೆಲದ ಮೇಲೆ, ಒಳ್ಳೆ ಕೋಚ್ ಕೈಕೆಳಗೆ ವರ್ಷವಿಡೀ ಪಂದ್ಯ ಆಡುತ್ತಾನೆ. ನಮ್ಮ ಹುಡುಗ ದುಡಿಯಲು ಹೋಗುತ್ತಾನೆ.

ಇದು ಸುಮ್ಮನೆ ಹೇಳುವ ಮಾತಲ್ಲ. ಕುಷ್ಟಗಿ ಕಡೆಯ ಒಬ್ಬ ಹುಡುಗ, ಹೆಸರು ಬೇಡ. ಎತ್ತರ ಇದ್ದ, ಎಡಗೈ ಹೊಡೆತ. ಎಡಗೈ ಅಟ್ಯಾಕರ್ ಅಂದರೆ ಯಾವ ತಂಡದಲ್ಲೂ ಬಲಗಡೆ ಜಾಗಕ್ಕೆ ಹುಡುಕುತ್ತಾರೆ. ಪಿಯುಸಿಯಲ್ಲಿ ರಾಜ್ಯ ಮಟ್ಟಕ್ಕೆ ಹೋಗಿ ಬಂದ. ಮುಂದೆ ಎಲ್ಲಿ ಆಡಬೇಕು ಅಂತ ಕೇಳಿದಾಗ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಮನೆಯಲ್ಲಿ ತಂಗಿಯ ಮದುವೆ, ಸಾಲ. ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದ. ಈಗ ಜಾತ್ರೆಗೆ ಬಂದಾಗ ಊರ ತಂಡಕ್ಕೆ ಆಡುತ್ತಾನೆ. ಜನ ಶಿಳ್ಳೆ ಹೊಡೆಯುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಅಂಥವರು ಸಿಂಧನೂರಿನಲ್ಲಿದ್ದಾರೆ, ಸಂಡೂರಿನಲ್ಲಿದ್ದಾರೆ, ಮಾನ್ವಿಯಲ್ಲಿದ್ದಾರೆ.

ನಮ್ಮ ದೇಶದ ವಾಲಿಬಾಲ್ ಫೆಡರೇಷನ್ ಜಗಳದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. 2016ರಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ನಮ್ಮ ಫೆಡರೇಷನ್ ಅನ್ನು ಅಮಾನತು ಮಾಡಿತು. ಅದರ ಪೆಟ್ಟು ತಿಂದವರು ಆಟಗಾರರು. ಅದನ್ನು ಸರಿಮಾಡುವುದು ತಮ್ಮ ಕೈಯಲ್ಲಿಲ್ಲ. ನನ್ನ ಕೈಯಲ್ಲಂತೂ ಇಲ್ಲವೇ ಇಲ್ಲ. ಬಿಡೋಣ.

ತಮ್ಮ ಕೈಯಲ್ಲಿರುವುದು ನೆಲ ಮತ್ತು ಸೂರು.

ಬೆಂಗಳೂರಿನಲ್ಲಿ ಈ ಆಟಕ್ಕೆ ಒಳ್ಳೆ ದಿನ ಬಂದಿವೆ. 2023ರ ಡಿಸೆಂಬರ್‌ನಲ್ಲಿ ಪುರುಷರ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲೇ ನಡೆಯಿತು. ಇಟಲಿಯ ಪೆರುಜಿಯಾ ಗೆದ್ದಿತು. ನಮ್ಮ ದೇಶದ ಪರವಾಗಿ ಅಹಮದಾಬಾದ್ ಡಿಫೆಂಡರ್ಸ್ ಆಡಿತು. ನಮ್ಮ ಕಡೆಯ ಕೆಲವು ಹುಡುಗರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ನೋಡಿ ಬಂದರು. ಬಂದವರು ವಾರಗಟ್ಟಲೆ ಮಾತಾಡಿದ್ದು ಆಟಗಾರರ ಎತ್ತರದ ಬಗ್ಗೆ ಅಲ್ಲ, ಆ ನೆಲದ ಬಗ್ಗೆ. ಬಿದ್ದವರು ಹಾಗೇ ಜಾರಿ ಎದ್ದು ನಿಲ್ಲುತ್ತಾರೆ ಸರ್, ಅಂದರು. 2025ರಲ್ಲಿ ಬೆಂಗಳೂರು ಟಾರ್ಪಿಡೋಸ್ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದಾಗ ನಾವೂ ಪಟಾಕಿ ಹೊಡೆದೆವು. ಆದರೆ ಲೀಗ್ ಅನ್ನುವುದು ತಯಾರಾದ ಆಟಗಾರನನ್ನು ಕೊಳ್ಳುತ್ತದೆ. ತಯಾರು ಮಾಡುವ ಜಾಗ ಬೇರೆಯೇ ಬೇಕು.

ನಮ್ಮ ಭಾಗದಲ್ಲಿ ಒಳಾಂಗಣವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಂದು ಊರಿನ ಒಳಾಂಗಣಕ್ಕೆ ಹುಡುಗರನ್ನು ಕರೆದುಕೊಂಡು ಹೋಗಿ ಕೇಳಿದ್ದೇನೆ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಶಟಲ್ ಆಡುವವರು ತಿಂಗಳ ಬಾಡಿಗೆ ಕಟ್ಟಿದ್ದಾರೆ, ಚೆಂಡು ಬಡಿದರೆ ದೀಪ ಒಡೆಯುತ್ತವೆ, ಆಗುವುದಿಲ್ಲ ಅಂದರು. ಅವರದೂ ತಪ್ಪಲ್ಲ. ಆ ಕಟ್ಟಡವನ್ನು ಶಟಲ್‌ಗೆ ಅಂತಲೇ ಕಟ್ಟಿದ್ದು. ವಾಲಿಬಾಲ್‌ಗೆ 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣ ಬೇಕು. ಸುತ್ತ ಕನಿಷ್ಠ 3 ಮೀಟರ್ ಖಾಲಿ ಜಾಗ, ಮೇಲೆ ಕನಿಷ್ಠ 7 ಮೀಟರ್ ಯಾವ ಅಡ್ಡಿಯೂ ಇರಬಾರದು. ದೊಡ್ಡ ಪಂದ್ಯಗಳಿಗೆ ಅದು 12.5 ಮೀಟರ್. ನಕ್ಷೆ ಬರೆಯುವಾಗಲೇ ಯೋಚಿಸದಿದ್ದರೆ ಆಮೇಲೆ ಚಾವಣಿ ಎತ್ತಲು ಬರುವುದಿಲ್ಲ, ಅಲ್ವಾ?

ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಖಾಸಗಿಯವರು 2018ರಲ್ಲಿ ಶುರುಮಾಡಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಕಲಿಯಲು ದೇಶದ ಮೂಲೆಮೂಲೆಯಿಂದ ಮಕ್ಕಳು ಅಲ್ಲಿಗೆ ಬರುತ್ತಾರೆ. ಈ ಬಿಸಿಲು ನಾಡಿನಲ್ಲಿ ವಿಶ್ವ ಮಟ್ಟದ ತರಬೇತಿ ಸಾಧ್ಯ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ನಮ್ಮ ಹಳ್ಳಿ ಹಳ್ಳಿಯಲ್ಲೂ ಜನ ಆಡುವ ಆಟ ವಾಲಿಬಾಲ್. ಅದಕ್ಕೆ ಸರ್ಕಾರವೇ ಮುಂದೆ ಬರಬೇಕು.

ಹಣ ಇಲ್ಲ ಅನ್ನುವ ಹಾಗಿಲ್ಲ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗಕ್ಕೆ ಅಂತಲೇ ಮಂಡಳಿ ಇದೆ. 2023ರಿಂದ ಬಜೆಟ್‌ಗಳಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಘೋಷಣೆ ಆಗುತ್ತಾ ಬಂದಿದೆ. ರಸ್ತೆ, ಆಸ್ಪತ್ರೆ, ಶಾಲಾ ಕೊಠಡಿ ಮೊದಲು ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಅಷ್ಟರಲ್ಲಿ ಒಂದು ಸಣ್ಣ ಪಾಲು ಇದಕ್ಕೆ ಬರಲಿ ಅನ್ನುವುದು ನನ್ನ ಕೋರಿಕೆ.

ಕೊಪ್ಪಳದಲ್ಲಿ ವಾಲಿಬಾಲ್‌ಗೆ ಅಂತಲೇ ಒಂದು ಒಳಾಂಗಣ ಕಟ್ಟಿ. ಎರಡು ಅಂಕಣ ಹಿಡಿಯುವಷ್ಟು ದೊಡ್ಡದು, ಮರದ ನೆಲದ್ದು, ಚಾವಣಿ ಎತ್ತರದ್ದು. ನಡುವಿನ ಜಾಗ ಇದು. ರಾಯಚೂರಿನವರಿಗೂ ಬಳ್ಳಾರಿಯವರಿಗೂ ಬಂದು ಹೋಗಲು ಅನುಕೂಲ. ಗ್ಯಾಲರಿ, ವಿಐಪಿ ಕೊಠಡಿ ಬೇಡ. ಗಾಳಿ ಆಡಬೇಕು, ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಒಳಗೆ ನಿಲ್ಲಲು ಆಗುವುದಿಲ್ಲ. ಮದುವೆಗೆ, ಸಭೆಗೆ ಬಾಡಿಗೆ ಕೊಡಬಾರದು ಅಂತ ಆದೇಶದಲ್ಲೇ ಬರೆಯಿರಿ. ಒಂದು ಊಟದ ಪೆಂಡಾಲು ಹಾಕಿದರೆ ಮರದ ನೆಲ ಕೆಟ್ಟ ಹಾಗೇ.

ಅದರ ಪಕ್ಕದಲ್ಲೇ ಒಂದು ಹಾಸ್ಟೆಲ್. ಈಗಿರುವ ಕ್ರೀಡಾ ಹಾಸ್ಟೆಲ್‌ಗಳಿಂದ ಶಾಲೆ, ಪಿಯುಸಿ ಓದುವ ಮಕ್ಕಳಿಗೆ ಒಳ್ಳೆಯದಾಗಿದೆ. ನಾನು ಕೇಳುತ್ತಿರುವುದು 17ರಿಂದ 22ರವರಿಗೆ. ಪಿಯುಸಿ ಮುಗಿಸಿ ಡಿಗ್ರಿ ಓದುತ್ತ ಆಡುವವರಿಗೆ. ಎರಡು ಹೊತ್ತು ಒಳ್ಳೆ ಊಟ, ಮೊಟ್ಟೆ, ಹಾಲು. ಮನೆಗೆ ಕಳಿಸಲು ತಿಂಗಳಿಗೆ ಸ್ವಲ್ಪ ಶಿಷ್ಯವೇತನ. ಇದು ಬಹಳ ಮುಖ್ಯ. ಮನೆಗೆ ಹಣ ಹೋದರೆ ಮಾತ್ರ ಹುಡುಗ ಮಂಗಳೂರು ಬಸ್ ಹತ್ತುವುದಿಲ್ಲ.

ಕೋಚ್ ಹುದ್ದೆ ಕಾಯಂ ಆಗಿರಲಿ. ವರ್ಷಕ್ಕೊಮ್ಮೆ ಗುತ್ತಿಗೆ ನವೀಕರಣಕ್ಕೆ ಓಡಾಡುವ ಕೋಚ್ ಐದು ವರ್ಷದ ಕೆಲಸ ಹೇಗೆ ಹಮ್ಮಿಕೊಳ್ಳುತ್ತಾರೆ? ಆಟಗಾರನೊಬ್ಬನನ್ನು ತಯಾರು ಮಾಡಲು ಐದು ವರ್ಷ ಬೇಕೇ ಬೇಕು. ಒಬ್ಬ ಫಿಸಿಯೋ ಕೂಡ ಇರಲಿ. ಮೊಣಕಾಲು ಕೆಟ್ಟ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗುವುದಕ್ಕಿಂತ ಕೆಡುವ ಮೊದಲೇ ನೋಡುವವರು ಬೇಕು.

ಇದರಿಂದ ನಾಳೆಯೇ ಏಷ್ಯನ್ ಪದಕ ಬರುತ್ತದೆ ಅಂತ ನಾನು ಹೇಳುವುದಿಲ್ಲ. ರಾಷ್ಟ್ರೀಯ ಶಿಬಿರಕ್ಕೆ ಕರೆ ಬಂದಾಗ ಈ ಮೂರು ಜಿಲ್ಲೆಯ ಹುಡುಗ ಬೀಳಲು ಹೆದರದವನಾಗಿ ಹೋಗಬೇಕು. ಜಂಪ್ ಸರ್ವಿಸ್ ಎದುರು ನಿಂತು ಅಭ್ಯಾಸ ಇದ್ದವನಾಗಿ ಹೋಗಬೇಕು. ಅಷ್ಟು ಆದರೆ ತಂಡಕ್ಕೆ ಕೊಡಲು ನಮ್ಮ ಹತ್ತಿರ ಆಟಗಾರರಿದ್ದಾರೆ.

ಸಚಿವರೇ, ಮಂಡಳಿಯ ಮುಂದಿನ ಸಭೆಗೆ ಈ ವಿಷಯವನ್ನು ಸೇರಿಸಿ. ಜಾಗದ ಪ್ರಶ್ನೆ ಬಂದರೆ ಜಿಲ್ಲಾಡಳಿತದ ಜೊತೆ ಓಡಾಡಿ ಹುಡುಕಿಕೊಡಲು ನಾವು ಹಳೇ ಆಟಗಾರರು, ಶಿಕ್ಷಕರು ತಯಾರಿದ್ದೇವೆ. ನಕ್ಷೆ ಮಾಡುವ ಎಂಜಿನಿಯರ್ ಕೆಲಸ ಶುರುಮಾಡುವ ಮೊದಲು ನಮ್ಮ ಹುಡುಗರ ಜೊತೆ ಒಂದು ಸಂಜೆ ಕೂತು ಮಾತಾಡಲಿ. ತಾವು ಕೊಪ್ಪಳಕ್ಕೆ ಬರುವ ದಿನ ತಿಳಿಸಿದರೆ ಯಾವುದಾದರೂ ಹಳ್ಳಿಯ ಅಂಕಣಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೊಪ್ಪಳ ಜಿಲ್ಲೆಯ ಒಬ್ಬ ನಿವೃತ್ತ ದೈಹಿಕ ಶಿಕ್ಷಕ